ಪ್ರತೀಕ್ಷೆಯ ಬೆಲೆಯನ್ನು ಯಾರು ತೆರಬೇಕು?

ಪಶ್ಚಿಮ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಸುಮಾರು ಅರ್ಧ ಶತಮಾನದ ಹಿಂದೆ ಹುಟ್ಟಿ, ಜಗತ್ತಿನ ಮೋಟಾರು ತಯಾರಕರ ಗಮನವನ್ನೆಲ್ಲ ತನ್ನತ್ತ ಸೆಳೆದು, ಅವರಲ್ಲಿ ಅತಿ ದೊಡ್ಡವರಿಂದ ಪರವಾನಗಿಯ ಹಣವನ್ನೂ ಪಡೆದು, ಆದರೂ ತನ್ನ ಟೂ ಸ್ಟ್ರೋಕ್ ಎಂಜಿನ್ ಹೊತ್ತ ಒಂದು ಕಾರಾದರೂ ಮಾರಾಟಕ್ಕೆ ಬಂದುದನ್ನು ಕಾಣದೆಹೋದ ಆರ್ಬಿಟಲ್ ಎಂಬ ಕಂಪನಿಯ ವೃತ್ತಾಂತವನ್ನು, ಷೇರುಪೇಟೆಯಲ್ಲಿ ತನ್ನ ಉಳಿತಾಯವನ್ನು ತೊಡಗಿಸುವ ಪ್ರತಿಯೊಬ್ಬ ಗೃಹಸ್ಥನೂ ಒಮ್ಮೆ ಅವಧಾನವಿಟ್ಟು ತಿಳಿಯತಕ್ಕದ್ದೆಂದು ನನ್ನ ಅಭಿಪ್ರಾಯ. ವಂಚನೆಯ ಕಥೆಗಳು ನಮಗೆ ಬೇಕಾದಷ್ಟು ಗೊತ್ತು. ಅವುಗಳಿಂದ ಕಲಿಯಬೇಕಾದ ಪಾಠವೂ ಸುಲಭವಾದದ್ದು. ಆರ್ಬಿಟಲ್ಲಿನ ಕಥೆಯಲ್ಲಿ ವಂಚನೆಯಿಲ್ಲ. ಅಲ್ಲಿನ ಯಂತ್ರಶಿಲ್ಪಿಗಳು ಸಮರ್ಥರಾಗಿದ್ದರು, ಅವರು ಪರಿಹರಿಸಲು ಹೊರಟ ಸಮಸ್ಯೆ ನಿಜವಾದದ್ದಾಗಿತ್ತು, ಕಂಡುಹಿಡಿದ ಉಪಾಯವೂ ಬಹುಮಟ್ಟಿಗೆ ಸಫಲವಾಗಿತ್ತು. ಇಷ್ಟೆಲ್ಲ ಇದ್ದೂ ಅದರ ಷೇರುದಾರನು ವರ್ಷವರ್ಷವೂ ಕಾದುಕೊಂಡೇ ಇರಬೇಕಾಯಿತೆಂಬುದು ಆಲೋಚನೆಗೆ ಅರ್ಹವಾದ ಸಂಗತಿ.

ರಾಲ್ಫ್ ಸಾರಿಚ್ ಎಂಬಾತನು 1970ರ ದಶಕದ ಆದಿಯಲ್ಲಿ ನಿರ್ಮಿಸಿದ ಎಂಜಿನ್ನಿನಲ್ಲಿ ಪಿಸ್ಟನ್ನು ಮೇಲೆಕೆಳಗೆ ಆಡುವುದರ ಬದಲು ಕವಚದೊಳಗೆ ಕಕ್ಷೆಯ ಮೇಲಿನ ಗ್ರಹದಂತೆ ಸುತ್ತುತ್ತಿತ್ತು. ಕಂಪನಿಗೆ ಆ ಹೆಸರು ಬಂದದ್ದು ಅದರಿಂದಲೇ. ಆಸ್ಟ್ರೇಲಿಯದ ರಾಷ್ಟ್ರೀಯ ಪ್ರಸಾರ ಸಂಸ್ಥೆಯಾದ ಎಬಿಸಿಯು ಆವಿಷ್ಕಾರಕರಿಗಾಗಿ ನಡೆಸುತ್ತಿದ್ದ ದೂರದರ್ಶನ ಕಾರ್ಯಕ್ರಮದಲ್ಲಿ 1972ರಲ್ಲಿ ಅದಕ್ಕೆ ವರ್ಷದ ಶ್ರೇಷ್ಠ ಆವಿಷ್ಕಾರವೆಂಬ ಮನ್ನಣೆ ದೊರೆಯಿತು. ಗಣಿ ಮತ್ತು ಉಕ್ಕಿನ ಉದ್ಯಮದಲ್ಲಿ ಆಗ ಆ ದೇಶದ ಅಗ್ರಗಣ್ಯ ಸಂಸ್ಥೆಯಾಗಿದ್ದ ಬಿಎಚ್‌ಪಿ ಬಂಡವಾಳದೊಡನೆ ಮುಂದೆ ಬಂದಿತು. ಪತ್ರಿಕೆಗಳು ಹೊಗಳಿದವು, ದೇಶ ಹೆಮ್ಮೆಪಟ್ಟಿತು. ಆದರೆ ಒಳಗಿನ ಅನಿಲ ಸೋರದಂತೆ ತಡೆಯುವ ಸೀಲುಗಳಿಗೆ ಎಣ್ಣೆ ಮುಟ್ಟಿಸುವುದೂ, ಹುಟ್ಟಿದ ಶಾಖವನ್ನು ಹೊರಗೆ ಸಾಗಿಸುವುದೂ ಎಷ್ಟು ಪ್ರಯಾಸಪಟ್ಟರೂ ಸಾಧ್ಯವಾಗದೆ, ಹತ್ತು ವರ್ಷಗಳ ದುಡಿಮೆಯ ತರುವಾಯ ಆ ಎಂಜಿನ್ನನ್ನು ಬದಿಗಿಡಬೇಕಾಯಿತು. ಅಷ್ಟರಲ್ಲಿ ಅದೇ ಕಾರ್ಯಾಗಾರದಲ್ಲಿ, ಎಂಜಿನ್ನಿಗೆ ಇಂಧನವನ್ನು ಊಡುವ ವಿಧಾನದ ಬಗ್ಗೆ ನಡೆದ ಶೋಧನೆ, ಮೂಲ ಆವಿಷ್ಕಾರಕ್ಕಿಂತ ಎಷ್ಟೋ ಪಾಲು ಬೆಲೆಬಾಳುವ ಫಲವನ್ನು ಕೊಟ್ಟಿತ್ತು.

ಆ ಶೋಧನೆಯ ಮಹತ್ತ್ವವನ್ನು ಅರಿಯಬೇಕಾದರೆ ಟೂ ಸ್ಟ್ರೋಕ್ ಎಂಜಿನ್ನಿನ ಗುಣದೋಷಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಮ್ಮ ಊರುಗಳಲ್ಲಿ ಇದಕ್ಕೆ ಪ್ರಯೋಗಶಾಲೆಯ ಅಗತ್ಯವಿರಲಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಬೆಂಗಳೂರಿನ ಯಾವ ಪೆಟ್ರೋಲ್ ಬಂಕಿನಲ್ಲಾದರೂ ಆಟೋ ಬಂದು ನಿಂತರೆ, ಚಾಲಕನು ಸೀಟನ್ನೆತ್ತಿ ಟ್ಯಾಂಕಿನ ಮುಚ್ಚಳ ತೆಗೆದು "ಎರಡು ಲೀಟರ್, ಆಯಿಲ್ ಸೇರಿಸಿ" ಎನ್ನುವನು. ಬಂಕಿನ ಹುಡುಗನು ಪಕ್ಕದಲ್ಲಿರುತ್ತಿದ್ದ ಪುಟ್ಟ ಕೈಪಂಪಿನ ಹಿಡಿಯನ್ನು ಒತ್ತಿ ಅಳತೆಯ ಟೂ-ಟಿ ಎಣ್ಣೆಯನ್ನು ಬಿಡುವನು. ಚಾಲಕನು ಗಾಡಿಯನ್ನು ಎರಡು ಬಾರಿ ಆಚೀಚೆ ಅಲುಗಾಡಿಸಿ ಅದನ್ನು ಪೆಟ್ರೋಲಿನೊಡನೆ ಬೆರೆಸಿ, ಸ್ಟಾರ್ಟರಿನ ಹಿಡಿಯನ್ನು ಎಳೆದು ಹೊರಡುವಾಗ ಹಿಂದೆ ನಿಂತವರ ಮುಖಕ್ಕೆ ನೀಲಿಬಿಳುಪು ಹೊಗೆ ಬಡಿಯುವುದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ಡಿಗಳನ್ನು ಇಟ್ಟುಕೊಂಡಿದ್ದವರು ಸೈಲೆನ್ಸರನ್ನು ಬಿಚ್ಚಿ ಒಳಗೆ ಕಟ್ಟಿದ ಕರಿಯನ್ನು ಬೆಂಕಿಯಲ್ಲಿ ಸುಟ್ಟು ತೆಗೆಸುತ್ತಿದ್ದುದನ್ನೂ ಹಳಬರು ಮರೆತಿರಲಾರರು. ಆ ಎಂಜಿನ್ನಿನಲ್ಲಿ ಕವಾಟಗಳಿಲ್ಲ, ಬಿಡಿಭಾಗಗಳು ಕಡಿಮೆ, ತೂಕ ಕಡಿಮೆ, ಬೆಲೆ ಕಡಿಮೆ, ಸುತ್ತಿಗೊಮ್ಮೆ ಸ್ಫೋಟವಾಗುವುದರಿಂದ ಗಾತ್ರಕ್ಕೆ ಮೀರಿದ ಬಲ. ದೋಷವೇನೆಂದರೆ, ಸುಟ್ಟ ಹೊಗೆಯನ್ನು ಹೊರದೂಡುವ ಕೆಲಸವನ್ನೂ ಹೊಸದಾಗಿ ಬರುವ ಪೆಟ್ರೋಲ್-ಗಾಳಿಯ ಮಿಶ್ರಣವೇ ಮಾಡಬೇಕಾಗುವುದರಿಂದ, ಎರಡು ದ್ವಾರಗಳೂ ಒಮ್ಮೆಲೇ ತೆರೆದಿರುವ ಆ ಕ್ಷಣದಲ್ಲಿ ಹೊಸ ಮಿಶ್ರಣದ ಕಾಲುಭಾಗದಷ್ಟು, ಕೆಲವೊಮ್ಮೆ ಅದಕ್ಕೂ ಮಿಗಿಲಾಗಿ, ಸುಡದೆಯೇ ಹೊಗೆಯ ಬೆನ್ನುಹತ್ತಿ ಹೊರಟುಹೋಗುತ್ತದೆ. ಬಂಕಿನಲ್ಲಿ ದುಡ್ಡುಕೊಟ್ಟು ಹಾಕಿಸಿದ ನಾಲ್ಕು ಲೀಟರಿನಲ್ಲಿ ಒಂದು ಲೀಟರು ರಸ್ತೆಯ ಗಾಳಿಯ ಪಾಲು.

ಪರ್ತಿನ ಶಿಲ್ಪಿಗಳು ಯೋಚಿಸಿದ ಉಪಾಯ ಹೇಳುವುದಕ್ಕೆ ಸರಳ. ಹೊಗೆಯನ್ನು ಹೊರದೂಡಲು ಬರಿಯ ಗಾಳಿಯನ್ನು ಬಿಡುವುದು. ದ್ವಾರಗಳು ಮುಚ್ಚಿದ ಮೇಲೆ ಮಾತ್ರ ಇಂಧನವನ್ನು ನೇರವಾಗಿ ಸಿಲಿಂಡರಿನೊಳಕ್ಕೆ ಹುಯ್ಯುವುದು. ಇದರಲ್ಲಿ ಕಷ್ಟವಿದ್ದುದು ಕಾಲದ ಅಭಾವದಲ್ಲಿ. ನಿಮಿಷಕ್ಕೆ ಐದು ಸಾವಿರ ಸುತ್ತು ಸುತ್ತುವ ಎಂಜಿನ್ನಿನಲ್ಲಿ, ದ್ವಾರ ಮುಚ್ಚುವುದಕ್ಕೂ ಕಿಡಿ ಹಾರುವುದಕ್ಕೂ ನಡುವೆ ಉಳಿಯುವ ಅವಕಾಶ ಒಂದು ಸೆಕೆಂಡಿನ ಕೆಲವೇ ಸಾವಿರಾಂಶ. ಅಷ್ಟರಲ್ಲಿ ಪೆಟ್ರೋಲು ದ್ರವರೂಪವನ್ನು ತ್ಯಜಿಸಿ ಉರಿಯಲು ಸಿದ್ಧವಾಗಿರಬೇಕು. ಆರ್ಬಿಟಲ್ಲಿನವರು ಪೆಟ್ರೋಲನ್ನು ಮೊದಲು ಒಂದು ಪುಟ್ಟ ಕೋಣೆಯಲ್ಲಿ ಅಳೆದಿಟ್ಟು, ಅದರ ಹಿಂದಿನಿಂದ ಒತ್ತಡದ ಗಾಳಿಯನ್ನು ಬಿಟ್ಟು, ಎರಡನ್ನೂ ಕೂಡಿಯೇ ಒಳಕ್ಕೆ ಊದಿದರು. ಹನಿಗಳು ಸುಮಾರು ಹತ್ತು ಮೈಕ್ರಾನಿನ ಸೂಕ್ಷ್ಮತೆಗೆ ಒಡೆದು ಮಂಜಿನಂತಾದವು. ಸುಡದ ಇಂಧನದ ಸೋರಿಕೆ ಬಹುಮಟ್ಟಿಗೆ ನಿಂತಿತು. ಈ ವಿಧಾನದ ಅಂದವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಯಂತ್ರಶಾಸ್ತ್ರವನ್ನು ಅಲ್ಪಸ್ವಲ್ಪ ಬಲ್ಲ ಯಾರೇ ಆಗಲಿ ಮೆಚ್ಚದಿರಲಾರರು. ಹಣ ಹಾಕಿದವನಿಗೆ ಅಪಾಯವೂ ಈ ಮೆಚ್ಚುಗೆಯಿಂದಲೇ ಆರಂಭವಾಗುತ್ತದೆ.

1988ರಲ್ಲಿ ಫೋರ್ಡ್ ಸಂಸ್ಥೆ ಈ ವಿಧಾನವನ್ನು ಬಳಸಲು ಪರವಾನಗಿ ಪಡೆಯಿತು. ಜನರಲ್ ಮೋಟರ್ಸೂ ಹಿಂಬಾಲಿಸಿತು. 1991ರ ಕೊನೆಯಲ್ಲಿ ಆರ್ಬಿಟಲ್ ನ್ಯೂಯಾರ್ಕಿನ ಷೇರು ವಿನಿಮಯ ಕೇಂದ್ರವನ್ನು ಪ್ರವೇಶಿಸಿತು. ಮೂರು ಸಿಲಿಂಡರಿನ ಈ ಎಂಜಿನ್ ಕೂರಿಸಿದ ಫಿಯೆಸ್ಟಾ ಕಾರುಗಳ ಒಂದು ಸಮೂಹವನ್ನು ಫೋರ್ಡ್ ಯೂರೋಪಿನ ರಸ್ತೆಗಳಲ್ಲಿ ಓಡಿಸಿ ಪರೀಕ್ಷಿಸಿತು. ಜಗತ್ತಿನ ಎರಡು ಅತಿ ದೊಡ್ಡ ಕಾರು ತಯಾರಕರೂ ಒಪ್ಪಿಕೊಂಡ ಮೇಲೆ ಇನ್ನು ಉಳಿದಿರುವುದು ಕಾರ್ಖಾನೆಯ ಬಾಗಿಲು ತೆರೆಯುವುದೊಂದೇ ಎಂದು ಪರ್ತಿನ ಷೇರುದಾರನು ಭಾವಿಸಿದ್ದರೆ, ಅವನನ್ನು ಅವಿವೇಕಿಯೆನ್ನಲು ನನಗೆ ಮನಸ್ಸು ಬಾರದು. ಸಾರಿಚ್‌ನಾದರೋ 1992ರಲ್ಲಿ ಕಂಪನಿಯಿಂದ ಹೊರಬಂದು, ಮುಂದೆ ಪರ್ತಿನ ಭೂಮಿ ಮತ್ತು ಕಟ್ಟಡಗಳಲ್ಲಿ ಹಣ ತೊಡಗಿಸಿ ಶ್ರೀಮಂತನಾಗಿ ಬಾಳಿದನು. ಅದು ಅವನ ಹಕ್ಕು. ಇಪ್ಪತ್ತು ವರ್ಷ ದುಡಿದ ಮನುಷ್ಯನು ತನ್ನ ಶ್ರಮದ ಬೆಲೆಯನ್ನು ಪಡೆದುಕೊಂಡದ್ದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ.

ದೊಡ್ಡ ತಯಾರಕನು ಪರವಾನಗಿ ಪಡೆಯುವುದಕ್ಕೂ ಅದನ್ನು ಬಳಸುವುದಕ್ಕೂ ಇರುವ ಅಂತರವೇನೆಂಬುದನ್ನು ಸಾಮಾನ್ಯ ಹೂಡಿಕೆದಾರನು ಗಮನಿಸುವುದು ವಿರಳ. ನೂರಾರು ಕೋಟಿ ಡಾಲರುಗಳ ವ್ಯವಹಾರವುಳ್ಳ ಸಂಸ್ಥೆಗೆ ಪರವಾನಗಿಯ ಶುಲ್ಕವೆಂಬುದು ಅತ್ಯಲ್ಪ ವೆಚ್ಚ. ನಾಳೆ ಪ್ರತಿಸ್ಪರ್ಧಿಯು ಅದೇ ವಿದ್ಯೆಯಿಂದ ತನ್ನನ್ನು ಹಿಂದೆ ಹಾಕಿದರೆ ಎಂಬ ಭೀತಿಯನ್ನು ಪರಿಹರಿಸಿಕೊಳ್ಳಲು ಅದು ಸಂತೋಷದಿಂದ ಕೊಡುವ ಹಣ. ಅದು ಕೊಟ್ಟದ್ದು ಆಯ್ಕೆಯ ಸ್ವಾತಂತ್ರ್ಯಕ್ಕೆ. ಷೇರುದಾರನು ಮಾತ್ರ ಅದನ್ನು ಮದುವೆಯ ನಿಶ್ಚಿತಾರ್ಥವೆಂದು ತಿಳಿದನು. ಹೊಸ ಬಗೆಯ ಎಂಜಿನ್ನಿಗಾಗಿ ಹೊಸ ಯಂತ್ರಸ್ಥಾವರವನ್ನು ಕಟ್ಟುವುದು, ಕೆಲಸಗಾರರಿಗೂ ಊರೂರಿನ ಮೆಕ್ಯಾನಿಕ್‌ಗಳಿಗೂ ತರಬೇತಿ ಕೊಡುವುದು, ಬಿಡಿಭಾಗಗಳ ಸರಬರಾಜನ್ನು ಏರ್ಪಡಿಸುವುದು, ವಾರಂಟಿಯ ಹೊಣೆಯನ್ನು ಹೊರುವುದು, ಇವೆಲ್ಲಕ್ಕೆ ತಗಲುವ ಮೂಲಧನವು ಪರವಾನಗಿಯ ಶುಲ್ಕಕ್ಕಿಂತ ನೂರಾರು ಪಾಲು ಮಿಗಿಲಾದದ್ದು. ಮತ್ತು ಅದನ್ನು ತೊಡಗಿಸುವ ನಿರ್ಧಾರವು, ಇರುವ ಎಂಜಿನ್ನು ನಿರುಪಯೋಗಿಯೆಂದು ಸಿದ್ಧವಾದಾಗಲ್ಲದೆ ಹುಟ್ಟುವುದಿಲ್ಲ.

ಇರುವ ಎಂಜಿನ್ನು ನಿರುಪಯೋಗಿಯೆಂದು ಸಿದ್ಧವಾಗಲಿಲ್ಲ. ಆರ್ಬಿಟಲ್ ಕಾದಿದ್ದ ಆ ವರ್ಷಗಳಲ್ಲಿಯೇ ಫೋರ್ ಸ್ಟ್ರೋಕ್ ಎಂಜಿನ್ನು ಕಂಪ್ಯೂಟರಿನ ನಿಯಂತ್ರಣಕ್ಕೊಳಪಟ್ಟು, ಸಿಲಿಂಡರಿಗೆ ನಾಲ್ಕು ಕವಾಟಗಳನ್ನು ಪಡೆದು, ಇಂಧನದ ಮಿತವ್ಯಯದಲ್ಲಿಯೂ ಶುದ್ಧತೆಯಲ್ಲಿಯೂ ವರ್ಷದಿಂದ ವರ್ಷಕ್ಕೆ ಸುಧಾರಿಸಿತು. ಅದರ ಹೊಗೆಯಲ್ಲಿ ಗಾಳಿ ಮತ್ತು ಇಂಧನಗಳ ಪ್ರಮಾಣ ಸರಿಯಾಗಿ ತೂಗಿರುವುದರಿಂದ, ಮೂರು ಬಗೆಯ ವಿಷಾನಿಲಗಳನ್ನು ಒಟ್ಟಿಗೆ ಶೋಧಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಅಲ್ಲಿ ಸಮರ್ಥವಾಗಿ ಕೆಲಸಮಾಡುತ್ತದೆ. ಟೂ ಸ್ಟ್ರೋಕಿನ ಹೊಗೆಯಲ್ಲಿಯೋ, ಊದಿದ ಗಾಳಿ ಅಧಿಕವಾಗಿ ಸೇರಿರುವುದರಿಂದ, ನೈಟ್ರೊಜನ್ನಿನ ಆಕ್ಸೈಡುಗಳನ್ನು ಶೋಧಿಸಲು ಆ ಸಾಧನಕ್ಕೆ ಆಗದು. ಎಂಜಿನ್ನಿನ ಒಳಗೇ ಅವು ಹುಟ್ಟದಂತೆ ನೋಡಿಕೊಳ್ಳಬೇಕು. ಹೊಸ ಎಂಜಿನ್ನಿನಲ್ಲಿ ಆರ್ಬಿಟಲ್ಲಿನವರು ಅದನ್ನು ಸಾಧಿಸಿದರೂ, ಅಮೆರಿಕದಲ್ಲಿ 1990ರ ಶುದ್ಧ ವಾಯು ತಿದ್ದುಪಡಿಗಳ ತರುವಾಯ ಕಾರು ಒಂದು ಲಕ್ಷ ಮೈಲಿ ಓಡಿದ ಮೇಲೂ ಹೊಗೆಯ ಮಿತಿಯನ್ನು ಪಾಲಿಸಬೇಕೆಂಬ ನಿಯಮ ಬಂದಿತು; ಎಣ್ಣೆಯನ್ನು ಸುಡುತ್ತಾ ಓಡುವ ಎಂಜಿನ್ನು ಅಷ್ಟು ದೂರದವರೆಗೆ ಆ ಶುದ್ಧತೆಯನ್ನು ಕಾಪಾಡಿಕೊಂಡೀತೆಂಬ ಭರವಸೆ ತಯಾರಕರಲ್ಲಿ ಹುಟ್ಟಲಿಲ್ಲ. 1990ರ ದಶಕ ಮುಗಿಯುವಷ್ಟರಲ್ಲಿ ಟೂ ಸ್ಟ್ರೋಕ್ ಕಾರಿನ ಮಾತು ಡೆಟ್ರಾಯ್ಟಿನಲ್ಲಿ ನಿಂತುಹೋಯಿತು. ಆರ್ಬಿಟಲ್ ಎಂಜಿನ್ ಬಳಸುವ ಉದ್ದೇಶವಿದ್ದ ಇಂಡೋನೇಷ್ಯದ ಮಲೆಯೋ ಎಂಬ ರಾಷ್ಟ್ರೀಯ ಕಾರಿನ ಯೋಜನೆಯೂ 1997-98ರ ಏಷ್ಯದ ಹಣಕಾಸು ಸಂಕಟದಲ್ಲಿ ಮುಳುಗಿತು.

ಆ ವಿದ್ಯೆಗೆ ಬಾಗಿಲು ತೆರೆದದ್ದು ಯಾರೂ ಅಷ್ಟಾಗಿ ಕಣ್ಣಿಟ್ಟಿರದ ಕಡೆಯಲ್ಲಿ. ದೋಣಿಗಳ ಹಿಂಬದಿಗೆ ಕಚ್ಚಿಸುವ ಔಟ್‌ಬೋರ್ಡ್ ಎಂಜಿನ್ನುಗಳು ಆಗ ಬಹುಪಾಲು ಟೂ ಸ್ಟ್ರೋಕಿನವಾಗಿದ್ದವು. ಸುಡದ ಪೆಟ್ರೋಲು ನೇರವಾಗಿ ಕೆರೆ ಸರೋವರಗಳ ನೀರಿಗೇ ಸೇರುತ್ತಿತ್ತು. 1996ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆಯು, ಇವುಗಳಿಂದ ಹೊರಬೀಳುವ ಹೈಡ್ರೊಕಾರ್ಬನ್ನನ್ನು ಒಂದು ದಶಕದೊಳಗೆ ಮುಕ್ಕಾಲು ಪಾಲು ತಗ್ಗಿಸಬೇಕೆಂದು ವಿಧಿಸಿತು. ದೋಣಿಗೆ ಹಗುರತೆ ಮುಖ್ಯ, ಬಲ ಮುಖ್ಯ. ಕಾರಿನ ಲಕ್ಷ ಮೈಲಿಯ ನಿಯಮ ಅಲ್ಲಿಲ್ಲ. ಮರ್ಕ್ಯುರಿ ಸಂಸ್ಥೆಯು ಅದೇ ವರ್ಷ ಆರ್ಬಿಟಲ್ಲಿನ ವಿಧಾನವನ್ನು ಅಳವಡಿಸಿದ ಆಪ್ಟಿಮ್ಯಾಕ್ಸ್ ಎಂಜಿನ್ನನ್ನು ಹೊರತಂದು ಎರಡು ದಶಕಗಳಿಗೂ ಮಿಗಿಲಾಗಿ ತಯಾರಿಸಿತು. ಜಪಾನಿನ ತೊಹಾತ್ಸು ಅದನ್ನು ಅನುಸರಿಸಿತು. ಇಟಲಿಯ ಎಪ್ರಿಲಿಯಾ ತನ್ನ ಚಿಕ್ಕ ಸ್ಕೂಟರುಗಳಲ್ಲಿ ಬಳಸಿತು. ನಮ್ಮ ಮೈಸೂರಿನ ಜಾವಾ ಕಾರ್ಖಾನೆ ಹಲವು ಕಾರಣಗಳಿಂದ ಬಾಗಿಲು ಮುಚ್ಚಿದ್ದೂ ಆ 1996ರಲ್ಲಿಯೇ ಎಂಬುದು ನೆನಪಿಗೆ ಬಂದು ಮನಸ್ಸು ಕ್ಷಣಕಾಲ ಭಾರವಾಗುತ್ತದೆ. ಭಾರತದಲ್ಲಿ ಬಜಾಜ್ ಆಟೋ ಸಂಸ್ಥೆಯು ಆರ್ಬಿಟಲ್ಲಿನೊಡನೆ ಕೂಡಿ, ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೆ ಊದುವ ಆಟೋರಿಕ್ಷಾವನ್ನು 2007ರ ಸುಮಾರಿಗೆ ಹೊರತಂದಿತು. ಈ ವಿದ್ಯೆಗೆ ಅದಕ್ಕಿಂತ ಯೋಗ್ಯವಾದ ಸ್ಥಾನವನ್ನು ನಾನು ಊಹಿಸಲಾರೆ. ದಿನವೂ ನೂರು ಕಿಲೋಮೀಟರು ಓಡಿಸಿ ಬದುಕುವ ಚಾಲಕನಿಗೆ ಉಳಿಯುವ ಒಂದೊಂದು ಲೀಟರೂ ಮನೆಯ ಅಕ್ಕಿಬೇಳೆಯ ಲೆಕ್ಕ. ಆದರೆ ಅಷ್ಟು ಹೊತ್ತಿಗೆ ಎಲ್‌ಪಿಜಿ, ಸಿಎನ್‌ಜಿ ಅನಿಲಗಳೂ ಫೋರ್ ಸ್ಟ್ರೋಕ್ ಎಂಜಿನ್ನೂ ಆಟೋಗಳ ಪೇಟೆಯನ್ನು ವ್ಯಾಪಿಸತೊಡಗಿದ್ದವು. ಹತ್ತು ವರ್ಷ ಮೊದಲು ಬಂದಿದ್ದರೆ ನಮ್ಮ ನಗರಗಳ ಗಾಳಿಗೆ ಎಂಥ ಉಪಕಾರವಾಗುತ್ತಿತ್ತೋ ಅದು, ತಡವಾಗಿ ಬಂದು, ಹೆಚ್ಚು ಕಾಲ ನಿಲ್ಲಲಿಲ್ಲ.

ದೋಣಿ ಸ್ಕೂಟರುಗಳಿಂದ ಬಂದ ರಾಯಲ್ಟಿಯಿಂದ ಕಂಪನಿ ಬದುಕಿತು. ಆದರೆ ಕೋಟ್ಯಂತರ ಕಾರುಗಳ ಎಣಿಕೆಯ ಮೇಲೆ ಷೇರಿನ ಬೆಲೆಯನ್ನು ಕಟ್ಟಿಕೊಂಡವನಿಗೆ ಕೆಲವು ಲಕ್ಷ ದೋಣಿಗಳ ರಾಯಲ್ಟಿ ಎಷ್ಟರ ಸಮಾಧಾನವನ್ನು ಕೊಟ್ಟೀತು? ಸೀಮೆನ್ಸ್ ಸಂಸ್ಥೆಯೊಡನೆ ಸೇರಿ 1997ರಲ್ಲಿ ಸ್ಥಾಪಿಸಿದ ಸಿನರ್ಜೆಕ್ಟ್ ಎಂಬ ಬಿಡಿಭಾಗಗಳ ಕಂಪನಿ ಕ್ರಮೇಣ ಚೆನ್ನಾಗಿ ಬೆಳೆದಾಗ, ಅದರಲ್ಲಿದ್ದ ತನ್ನ ಪಾಲನ್ನು ಆರ್ಬಿಟಲ್ ಪಾಲುದಾರರಿಗೇ ಬಿಟ್ಟುಕೊಟ್ಟಿತು. ಕಡೆಗೆ ಹೆಸರನ್ನೂ ಬದಲಿಸಿಕೊಂಡು, ಬೋಯಿಂಗಿಗೆ ಸೇರಿದ ಇನ್‌ಸಿಟು ಸಂಸ್ಥೆಯ ಡ್ರೋನುಗಳಿಗೆ ಎಂಜಿನ್ ಒದಗಿಸುವ ಕೆಲಸದಲ್ಲಿ ನೆಲೆನಿಂತಿತು. ಎಂಜಿನ್ನನ್ನು ತಾನೇ ತಯಾರಿಸಿ ಮಾರಲು ತೊಡಗಿದಾಗ ಮಾತ್ರ ಆ ಕಂಪನಿಗೆ ತನ್ನ ಭಾಗ್ಯದ ಮೇಲೆ ಒಂದಿಷ್ಟಾದರೂ ಹಿಡಿತ ದೊರೆತದ್ದನ್ನು ಗಮನಿಸಬೇಕು.

ಪರವಾನಗಿಯನ್ನು ಮಾರಿ ಬದುಕುವ ಎಂಜಿನ್ ಕಂಪನಿಯ ಈ ಕಷ್ಟ ನಮ್ಮ ಕಾಲದ್ದು ಮಾತ್ರವಲ್ಲ. ರುಡಾಲ್ಫ್ ಡೀಸೆಲ್ಲನು 1892ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿ, 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ತನ್ನ ಎಂಜಿನ್ನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದನು. ಮರುವರ್ಷವೇ ಅವನ ಹಕ್ಕುಗಳೆಲ್ಲವನ್ನೂ ಒಂದೆಡೆ ಹಿಡಿದಿಟ್ಟು ದೇಶದೇಶಗಳಿಗೆ ಪರವಾನಗಿ ಕೊಡುವ ಸಲುವಾಗಿ ಒಂದು ಕಂಪನಿ ಏರ್ಪಟ್ಟು, ಆ ಹಕ್ಕುಗಳಿಗೆ 35 ಲಕ್ಷ ಮಾರ್ಕುಗಳ ಬೆಲೆ ಕಟ್ಟಿತು. ಎಂಜಿನ್ನಿನ ತತ್ತ್ವದಲ್ಲಿ ಕುಂದಿರಲಿಲ್ಲ. ಆದರೆ ಕಾರ್ಖಾನೆಗಳಲ್ಲಿ ಅದನ್ನು ನೆಚ್ಚಿಕೆಯಿಂದ ತಯಾರಿಸುವ ಕೌಶಲ ಪಳಗುವುದಕ್ಕೆ ವರ್ಷಗಳು ಹಿಡಿದವು. 1907-08ರ ಹೊತ್ತಿಗೆ ಮೂಲ ಪೇಟೆಂಟುಗಳ ಅವಧಿ ತೀರಿತು. ಎಂಜಿನ್ನು ಇನ್ನೇನು ಹಡಗುಗಳಲ್ಲಿಯೂ ವಿದ್ಯುತ್ ಸ್ಥಾವರಗಳಲ್ಲಿಯೂ ಹರಡುತ್ತಿದ್ದಾಗ, ಯಾರು ಬೇಕಾದರೂ ಶುಲ್ಕವಿಲ್ಲದೆ ಅದನ್ನು ತಯಾರಿಸಬಹುದಾದ್ದರಿಂದ, 1911ರಲ್ಲಿ ಆ ಕಂಪನಿಯನ್ನು ಮುಚ್ಚಲಾಯಿತು. ಡೀಸೆಲ್ ಲಾರಿಗಳು ರಸ್ತೆಗಿಳಿದದ್ದು ಅದಾದ ಹನ್ನೆರಡು ಹದಿಮೂರು ವರ್ಷಗಳ ಮೇಲೆ. ಡೀಸೆಲ್ಲನೋ ಸಾಲದ ಹೊರೆಯಲ್ಲಿ ಕುಸಿದು, 1913ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಹೋಗುತ್ತಿದ್ದ ಡ್ರೆಸ್ಡೆನ್ ಹಡಗಿನಿಂದ ರಾತ್ರಿಯಲ್ಲಿ ಕಾಣೆಯಾದನು. ಇಂದು ಘಟ್ಟ ಹತ್ತುವ ಪ್ರತಿಯೊಂದು ಲಾರಿಯೂ ಅವನ ಬುದ್ಧಿಯ ಸಾಕ್ಷಿ. ಅವನ ಕಂಪನಿಯಲ್ಲಿ ಹಣ ಹಾಕಿದವರಿಗೆ ಆ ಲಾರಿಗಳಿಂದ ಒಂದು ಕಾಸೂ ಬರಲಿಲ್ಲ.

ಪರವಾನಗಿಗೆ ಕೊಟ್ಟ ಮೊತ್ತ ದೊಡ್ಡದಾಗಿದ್ದರೂ ಅದು ಬಳಕೆಯ ಪ್ರಮಾಣವಲ್ಲವೆಂಬುದಕ್ಕೆ, ಪಿಸ್ಟನ್ನಿನ ಬದಲು ತಿರುಗುವ ರೋಟರುಳ್ಳ ವಾಂಕೆಲ್ ಎಂಜಿನ್ನು ಸಾಕ್ಷಿ. 1970ರಲ್ಲಿ ಜನರಲ್ ಮೋಟರ್ಸ್ ಅದಕ್ಕಾಗಿ ಕಂತುಕಂತಾಗಿ ಐದು ಕೋಟಿ ಡಾಲರುಗಳನ್ನು ಕೊಡಲು ಒಪ್ಪಿತು. 1973ರ ತೈಲ ಸಂಕಟ ಬಂದ ಮೇಲೆ, ಹೆಚ್ಚು ಪೆಟ್ರೋಲು ಕುಡಿಯುವ ಆ ಎಂಜಿನ್ನಿನ ಆಸೆಯನ್ನು ಆ ಸಂಸ್ಥೆ ಮರುವರ್ಷ ಬಿಟ್ಟಿತು. ಅದನ್ನು ಕೊಂಡು ಬಳಸುವೆನೆಂದು ನಂಬಿ ಪೇಸರ್ ಎಂಬ ಕಾರನ್ನು ರೂಪಿಸಿದ್ದ ಅಮೆರಿಕನ್ ಮೋಟರ್ಸ್ ಸಂಸ್ಥೆಗೆ ಕೊನೆಯ ಗಳಿಗೆಯಲ್ಲಿ ತನ್ನ ಹಳೆಯ ಆರು ಸಿಲಿಂಡರಿನ ಎಂಜಿನ್ನನ್ನೇ ಅದರೊಳಗೆ ತುರುಕಬೇಕಾಯಿತು. ವಾಂಕೆಲ್ಲನ್ನು ದಶಕಗಳ ಕಾಲ ಕೈಬಿಡದೆ ಸಾಕಿದ್ದು ಮುಖ್ಯವಾಗಿ ಜಪಾನಿನ ಮಾಜ್ದಾ; ಅದಕ್ಕೆ ಸ್ವಂತ ಕಾರ್ಖಾನೆಯಿತ್ತು, ಆ ಎಂಜಿನ್ನಿನ ನಷ್ಟವನ್ನು ತುಂಬಿಕೊಡುವ ಬೇರೆ ಕಾರುಗಳಿದ್ದವು.

ಈ ಉದಾಹರಣೆಗಳನ್ನೆಲ್ಲ ನೋಡಿದಾಗ ನನಗೆ ಸ್ಪಷ್ಟವಾಗಿ ತೋರುವುದು ಇಷ್ಟು. ಎಂಜಿನ್ನು ಉತ್ತಮವೇ ಎಂಬುದು ಒಂದು ಪ್ರಶ್ನೆ. ಅದರ ಪೇಟೆಂಟನ್ನು ಹಿಡಿದಿರುವ ಕಂಪನಿಯ ಷೇರು ಉತ್ತಮವೇ ಎಂಬುದು ಮತ್ತೊಂದು. ಎರಡಕ್ಕೂ ಒಂದೇ ಉತ್ತರವಿರಬೇಕೆಂಬ ಕಟ್ಟಳೆ ಎಲ್ಲಿಯೂ ಇಲ್ಲ. ಪೇಟೆಂಟಿಗೆ ಅರ್ಜಿ ಹಾಕಿದ ದಿನದಿಂದ ಇಪ್ಪತ್ತು ವರ್ಷಗಳ ಆಯುಷ್ಯ. ಪರೀಕ್ಷೆ, ಪ್ರಮಾಣೀಕರಣ, ಮನವೊಲಿಕೆ, ಮತ್ತೆ ಪರೀಕ್ಷೆ ಎಂದು ಅದರಲ್ಲಿ ಹತ್ತು ಹನ್ನೆರಡು ವರ್ಷಗಳು ಕರಗುತ್ತವೆ. ಅಷ್ಟು ಕಾಲವೂ ಶಿಲ್ಪಿಗಳ ಸಂಬಳ ನಿಲ್ಲುವಂತಿಲ್ಲ, ಪ್ರಯೋಗಾಲಯದ ವಿದ್ಯುತ್ ಬಿಲ್ಲು ನಿಲ್ಲುವಂತಿಲ್ಲ. ಆದಾಯವಿಲ್ಲದ ಕಂಪನಿಯು ಇವನ್ನು ಭರಿಸಲು ಒಂದೆರಡು ವರ್ಷಗಳಿಗೊಮ್ಮೆ ಹೊಸ ಷೇರುಗಳನ್ನು ಹೊರಡಿಸುತ್ತದೆ. ಹಳೆಯ ಷೇರುದಾರನ ಪಾಲು ಪ್ರತಿ ಬಾರಿಯೂ ಕಿರಿದಾಗುತ್ತದೆ. ಕಡೆಗೊಮ್ಮೆ ಉದ್ಯಮವು ಆ ಎಂಜಿನ್ನನ್ನು ಒಪ್ಪಿಕೊಂಡರೂ, ಮೊದಲಿಗೆ ನಂಬಿ ಬಂದವನ ಕೈಯಲ್ಲಿ ಉಳಿದಿರುವ ಅಂಶ ಅತ್ಯಲ್ಪ. ಕಾಯುವುದೇ ಇಂಥ ಕಂಪನಿಯ ಮುಖ್ಯ ವೆಚ್ಚ. ಆ ವೆಚ್ಚವನ್ನು ತೆರುತ್ತಿರುವವನು ಷೇರುದಾರ. ಫಲ ಬಂದರೆ ಅದರ ದೊಡ್ಡ ಪಾಲು ಯಾವ ಅವಸರವೂ ಇಲ್ಲದೆ ದೂರ ನಿಂತು ನೋಡುತ್ತಿದ್ದ ತಯಾರಕನಿಗೆ.

ಹೀಗಿದ್ದ ಮೇಲೂ ಕೆಲವರು ಹಣ ಹಾಕುವರು, ಹಾಕತಕ್ಕವರೂ ಉಂಟು. ಅಂಥವರು ಕಂಪನಿಯ ವಾರ್ಷಿಕ ವರದಿಯಲ್ಲಿ ಎಂಜಿನ್ನಿನ ಚಿತ್ರಗಳಿರುವ ಹಾಳೆಗಳನ್ನು ಬಿಟ್ಟು, ಆದಾಯದ ಪಟ್ಟಿಯಲ್ಲಿ ಒಂದೇ ಸಾಲನ್ನು ಹುಡುಕಬೇಕು: ಮಾರಾಟವಾದ ಒಂದೊಂದು ಎಂಜಿನ್ನಿನ ಮೇಲೆ ಬಂದ ರಾಯಲ್ಟಿ ಎಷ್ಟು? ಒಪ್ಪಂದಕ್ಕೆ ಸಹಿ ಮಾಡಿದಾಗ ಒಮ್ಮೆ ಬರುವ ಶುಲ್ಕ, ಪರೀಕ್ಷೆ ನಡೆಸಿಕೊಟ್ಟುದಕ್ಕೆ ಬಂದ ಸಲಹಾ ಧನ, ಸರ್ಕಾರದ ಅನುದಾನ, ಇವನ್ನೆಲ್ಲ ಬೇರೆಯಾಗಿ ತೆಗೆದಿಟ್ಟ ಮೇಲೆ ಉಳಿಯುವ ಆ ಸಾಲು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದರೆ ಉದ್ಯಮವು ನಿಜವಾಗಿ ಒಪ್ಪಿಕೊಳ್ಳುತ್ತಿದೆಯೆಂದರ್ಥ. ಇಲ್ಲವಾದರೆ ಪತ್ರಿಕಾ ಪ್ರಕಟಣೆಗಳು ಎಷ್ಟಿದ್ದರೂ ವ್ಯರ್ಥ. ಅದರ ಜೊತೆಗೆ, ಹಳೆಯ ಎಂಜಿನ್ನನ್ನು ಇಂಥ ದಿನದಿಂದ ಮಾರಕೂಡದೆಂದು ವಿಧಿಸುವ ಕಾನೂನು ಯಾವುದಾದರೂ ಇದೆಯೇ ಎಂದು ವಿಚಾರಿಸಬೇಕು. ದೋಣಿಯ ಎಂಜಿನ್ನಿಗೆ ಅಂಥ ಕಾನೂನು ಬಂದಿತು, ಕಾರಿಗೆ ಬರಲಿಲ್ಲ. ಆರ್ಬಿಟಲ್ಲಿನ ಭವಿಷ್ಯವನ್ನು ನಿರ್ಧರಿಸಿದ್ದು ಅದು. ಕಾನೂನಿದ್ದರೂ ಸಾಲದೆಂಬುದೂ ನೆನಪಿರಲಿ: ಅದೇ ಔಟ್‌ಬೋರ್ಡ್ ಎಂಜಿನ್ನುಗಳ ಪೇಟೆಯಲ್ಲಿ ಜರ್ಮನಿಯ ಫಿಖ್ಟ್ ಎಂಬ ಬೇರೊಂದು ಇಂಧನ ವಿಧಾನವನ್ನು ಅವಸರದಲ್ಲಿ ಅಳವಡಿಸಿಕೊಂಡ ಔಟ್‌ಬೋರ್ಡ್ ಮರೀನ್ ಕಾರ್ಪೊರೇಷನ್, ಕೆಟ್ಟುನಿಂತ ಎಂಜಿನ್ನುಗಳ ವಾರಂಟಿ ವೆಚ್ಚವೂ ಇತರ ನಷ್ಟಗಳೂ ಕೂಡಿಬಂದು, 2000ದ ಡಿಸೆಂಬರಿನಲ್ಲಿ ದಿವಾಳಿಯೆದ್ದಿತು.

ಎಲ್ಲರೂ ಹೀಗೆ ಲೆಕ್ಕ ಹಾಕುತ್ತ ಕುಳಿತರೆ ಹೊಸದೇನೂ ಹುಟ್ಟದಲ್ಲವೇ ಎಂದು ಆಕ್ಷೇಪಿಸುವವರಿಗೆ ನನ್ನಲ್ಲಿ ಗೌರವವಿದೆ. ಅವರ ಮಾತು ದಿಟ. ಡೀಸೆಲ್ಲನ ಮೇಲೆ ಯಾರೂ ಹಣ ಹಾಕದೆ ಇದ್ದಿದ್ದರೆ ಇಂದಿನ ಸರಕು ಸಾಗಣೆ ಹೇಗಿರುತ್ತಿತ್ತೋ ಯಾರು ಬಲ್ಲರು. ನನ್ನ ತಕರಾರು ಹಣ ಹಾಕುವುದರ ಬಗ್ಗೆಯಲ್ಲ, ಯಾರ ಹಣವೆಂಬುದರ ಬಗ್ಗೆ. ನಷ್ಟವಾದರೆ ಮತ್ತೊಂದರಲ್ಲಿ ತುಂಬಿಕೊಳ್ಳುವ ಶಕ್ತಿ ಬಿಎಚ್‌ಪಿಗೆ ಇತ್ತು, ಫೋರ್ಡಿಗೆ ಇತ್ತು, ಮಾಜ್ದಾಗೆ ಇತ್ತು. ಮಗಳ ಇಂಜಿನಿಯರಿಂಗ್ ಸೀಟಿಗೆಂದು ಕೂಡಿಟ್ಟದ್ದನ್ನೋ, ನಿವೃತ್ತಿಯಲ್ಲಿ ಬಂದ ಗ್ರಾಚ್ಯುಟಿಯನ್ನೋ ಮೊಬೈಲಿನಲ್ಲಿ ತೆರೆದ ಡಿಮ್ಯಾಟ್ ಖಾತೆಯ ಮೂಲಕ ಇಂಥ ಕಂಪನಿಗೆ ಒಪ್ಪಿಸುವ ಹುಬ್ಬಳ್ಳಿಯ ಗುಮಾಸ್ತನಿಗೋ ಶಿವಮೊಗ್ಗದ ಉಪಾಧ್ಯಾಯಿನಿಗೋ ಆ ಶಕ್ತಿಯಿಲ್ಲ. ಕೋಟಿಗಟ್ಟಲೆ ಹೊಸ ಖಾತೆಗಳು ತೆರೆದಿರುವ ಈ ದಿನಗಳಲ್ಲಿ, ನಾಳೆಯ ಎಂಜಿನ್ನೆಂದು ಹೇಳಿಕೊಳ್ಳುವ ಕಂಪನಿಗಳು ಪೇಟೆಗೆ ಬಂದು ಮೊದಲು ಕೈಚಾಚುವುದು ಇವರತ್ತಲೇ.

2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ, ಹೈಡ್ರೊಜನ್ನನ್ನು ಸಿಲಿಂಡರಿನೊಳಗೇ ಉರಿಸಿ ಓಡುವ ಭಾರದ ಲಾರಿಯನ್ನು ರಿಲಯನ್ಸ್ ಮತ್ತು ಅಶೋಕ್ ಲೇಲ್ಯಾಂಡ್ ಸಂಸ್ಥೆಗಳು ಪ್ರದರ್ಶಿಸಿದವು. ಅದು ಯಶಸ್ವಿಯಾಗಲೆಂದು ನಾನು ಹಾರೈಸುತ್ತೇನೆ. ಆಗದೆ ಹೋದರೂ ಆ ನಷ್ಟವನ್ನು ಹೊರುವವರು ಹೊರಬಲ್ಲವರು. ಆದರೆ ಅಂಥ ಎಂಜಿನ್ನಿಗೆ ಬೇಕಾದ ಇಂಜೆಕ್ಟರನ್ನೋ, ಕವಾಟವನ್ನೋ, ಇಂಧನದ ನಿಯಂತ್ರಣ ವಿಧಾನವನ್ನೋ ಕಂಡುಹಿಡಿದು, ದೊಡ್ಡ ತಯಾರಕರು ಒಪ್ಪುವವರೆಗೆ ಕಾಯಬೇಕಾದ ಸಣ್ಣ ಕಂಪನಿಗಳು ನಮ್ಮಲ್ಲಿಯೂ ಹುಟ್ಟುವುವು, ಹುಟ್ಟಬೇಕು. ಸಂಶೋಧನೆ ಮತ್ತು ನಾವೀನ್ಯಕ್ಕಾಗಿ ಕೇಂದ್ರ ಸರ್ಕಾರವು 2025ರ ಜುಲೈಯಲ್ಲಿ ಒಂದು ಲಕ್ಷ ಕೋಟಿ ರೂಪಾಯಿಗಳ ನಿಧಿಯನ್ನು ಮಂಜೂರು ಮಾಡಿ, ಖಾಸಗಿ ಸಂಸ್ಥೆಗಳಿಗೆ ಅಲ್ಪ ಬಡ್ಡಿಗೆ ಇಲ್ಲವೆ ಬಡ್ಡಿಯಿಲ್ಲದೆ ದೀರ್ಘಾವಧಿಯ ಸಾಲ ಕೊಡುವ ವ್ಯವಸ್ಥೆಯನ್ನು ಏರ್ಪಡಿಸಿದೆ. ಆ ನಿಧಿಯ ಒಂದಂಶವನ್ನು, ಆರ್ಬಿಟಲ್ ಎಡವಿದ ಆ ಒಂದು ಮೆಟ್ಟಿಲಿಗಾಗಿ, ಎಂದರೆ ಹೊಸ ಎಂಜಿನ್ನನ್ನು ನೂರಾರು ವಾಹನಗಳಲ್ಲಿ ಕೂರಿಸಿ ನಮ್ಮ ಬಿಸಿಲು, ಧೂಳು, ಕಲಬೆರಕೆ ಇಂಧನಗಳ ನಡುವೆ ಲಕ್ಷಾಂತರ ಕಿಲೋಮೀಟರು ಓಡಿಸಿ, ಕೊನೆಯ ದಿನದ ಹೊಗೆಯೂ ಮೊದಲ ದಿನದ ಹೊಗೆಯಷ್ಟೇ ಶುದ್ಧವಾಗಿದೆಯೇ ಎಂದು ಪುಣೆಯ ವಾಹನ ಸಂಶೋಧನಾ ಸಂಸ್ಥೆಯಂಥ ನಿಷ್ಪಕ್ಷಪಾತಿಗಳಿಂದ ಅಳೆಯಿಸುವ ಪರೀಕ್ಷೆಗಾಗಿ ಮೀಸಲಿಡತಕ್ಕದ್ದು; ಅದರ ಫಲಿತಾಂಶವನ್ನು, ಅನುಕೂಲವಾಗಿರಲಿ ಪ್ರತಿಕೂಲವಾಗಿರಲಿ, ಎಲ್ಲರಿಗೂ ಕಾಣುವಂತೆ ಪ್ರಕಟಿಸತಕ್ಕದ್ದು; ಆ ವರದಿ ಹೊರಬೀಳುವ ಮುನ್ನ ಕಂಪನಿಯು ಚಿಲ್ಲರೆ ಹೂಡಿಕೆದಾರರ ಮುಂದೆ ಷೇರು ಹಿಡಿದು ಬರದಂತೆ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯು ತಡೆಯತಕ್ಕದ್ದು.